ಕಲ್ಲಿನ ಭಾರ ಎಲ್ಲಿ ಹೋಯಿತು

ಶೇಖವ್ವನಿಗೆ ಎಂಟು ವರ್ಷವಿದ್ದಾಗ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಅವಳಿಗೆ ನಲವತ್ತೆರಡು ತುಂಬಿದ ಮೇಲೆ, ಪೀಣ್ಯದ ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ. ಅದೂ ಅವಳೇ ಮಾಡಿದ ಒಂದು ಕಳ್ಳತನದ ದೆಸೆಯಿಂದ. ಕಳ್ಳತನವೆಂದರೆ ಮಹಾ ಏನಲ್ಲ, ಉಗುರಿನ ತುದಿಯಷ್ಟು ಸುಣ್ಣ. ಆದರೂ ಕಳ್ಳತನ ಕಳ್ಳತನವೇ ಎಂದು ಅವಳೇ ಹೇಳುತ್ತಾಳೆ, ನಾನು ಸೇರಿಸಿದ ಮಾತಲ್ಲ ಇದು.

ಪ್ರಶ್ನೆ ಹುಟ್ಟಿದ್ದು ಬಾಗಲಕೋಟೆಯ ಕಡೆ, ಸುಣ್ಣದ ಭಟ್ಟಿಗಳಿದ್ದ ಒಂದು ಊರಿನಲ್ಲಿ. ಅವಳ ಅಪ್ಪ ಮುದಕಪ್ಪ ಭಟ್ಟಿಗೆ ಕಲ್ಲು ತುಂಬುವವನು. ಸುಣ್ಣದ ಕಲ್ಲನ್ನೂ ಇದ್ದಿಲನ್ನೂ ಪದರ ಪದರವಾಗಿ ಒಟ್ಟಿ, ಮೂರು ದಿನ ಉರಿ ಕೊಟ್ಟು, ಆರಿದ ಮೇಲೆ ಕೆಳಗಿನ ಬಾಯಿಯಿಂದ ಬೆಂದ ಕಲ್ಲನ್ನು ತೆಗೆಯುತ್ತಿದ್ದರು. ಶಾಲೆ ಬಿಟ್ಟು ಬಂದ ಶೇಖವ್ವ ಅಪ್ಪನ ಕೈಗೆ ಬುಟ್ಟಿ ಹೊತ್ತು ಕೊಡುತ್ತಿದ್ದಳು. ಹಸಿ ಕಲ್ಲಿನ ಬುಟ್ಟಿ ಹೊತ್ತರೆ ಕತ್ತು ಹೆಗಲೊಳಗೆ ಇಳಿದುಹೋಗುತ್ತಿತ್ತು. ಅದೇ ಕಲ್ಲು ಬೆಂದು ಬಂದಾಗ ಅದೇ ಬುಟ್ಟಿ, ಅಷ್ಟೇ ತುಂಬಿದ್ದರೂ ಅರ್ಧದಷ್ಟು ಹಗುರ. ಒಂದು ಕಲ್ಲೂ ಕಡಿಮೆಯಾಗಿಲ್ಲ, ಒಂದೂ ಸಣ್ಣದಾಗಿಲ್ಲ. ಅವಳು ಎರಡು ದಿನ ಎಣಿಸಿ ನೋಡಿದ ಮೇಲೆ ಅಪ್ಪನನ್ನು ಕೇಳಿದಳು.

"ಅಪ್ಪಾ, ಕಲ್ಲಿನ ಭಾರ ಎಲ್ಲಿ ಹೋತು?"

ಮುದಕಪ್ಪ ಸಲಿಕೆ ನಿಲ್ಲಿಸಿ ಭಟ್ಟಿಯನ್ನು ನೋಡಿದ, ಮಗಳನ್ನು ನೋಡಿದ. "ಬೆಂಕಿ ತಿಂತು," ಎಂದ. ಅಪ್ಪ ಹೇಳಿದ ಮೇಲೆ ಮುಗಿಯಿತು. ಬೆಂಕಿ ತಿಂದದ್ದು ಮತ್ತೆ ಎಲ್ಲಿಗೆ ಹೋಯಿತು ಎಂದು ಕೇಳಬೇಕೆಂದು ಅವಳಿಗೆ ಅನ್ನಿಸಿತ್ತು, ಕೇಳಲಿಲ್ಲ.

ಮದುವೆಯಾಗಿ ನೀಲಪ್ಪನ ಜೊತೆ ಪೀಣ್ಯಕ್ಕೆ ಬಂದಾಗ ಆ ಪ್ರಶ್ನೆ ಅವಳ ಜೊತೆಗೆ ಬಂದಿತ್ತೋ ಊರಲ್ಲೇ ಉಳಿದಿತ್ತೋ, ಅವಳಿಗೂ ಗೊತ್ತಿಲ್ಲ. ನೀಲಪ್ಪ ಒಂದು ಲೇತ್ ಕಾರ್ಖಾನೆಗೆ ಸೇರಿದ. ಅವರಿಗೆ ಸಿಕ್ಕಿದ್ದು ಸಾಲುಮನೆಯ ಒಂದು ರೂಮು, ಮುಂದೆ ನಲ್ಲಿ, ಹಿಂದೆ ಇಪ್ಪತ್ತನಾಲ್ಕು ಗಂಟೆ ತಗಡು ಬಡಿಯುವ ಸದ್ದು. ಆ ಸದ್ದು ನಿಂತ ದಿನ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ. ಮಗಳು ಬೆಳೆದು ಮದುವೆಯಾಗಿ ಹೋದ ಮೇಲೆ ಶೇಖವ್ವ ಹತ್ತಿರದ ಪ್ರೌಢಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿಕೊಂಡಳು. ಸುತ್ತಲ ಎಷ್ಟೋ ಶಾಲೆಗಳಿಗೆ ಊಟ ವ್ಯಾನಿನಲ್ಲಿ ಬರುತ್ತಿತ್ತು. ಈ ಶಾಲೆಯಲ್ಲಿ ಇನ್ನೂ ಒಲೆ ಇತ್ತು, ಒಲೆಯ ಮುಂದೆ ಶೇಖವ್ವ ಇದ್ದಳು. ನೂರಾ ಎಂಬತ್ತು ಮಕ್ಕಳ ಸಾರಿಗೆ ಉಪ್ಪನ್ನು ಕೈಯಲ್ಲೇ ಹಿಡಿದು ಹಾಕುತ್ತಿದ್ದಳು. ಹೆಚ್ಚಾಯಿತು ಎಂದ ಮಗುವನ್ನು ನಾನಂತೂ ಕಂಡಿಲ್ಲ, ಕಡಿಮೆಯಾಯಿತು ಎಂದವರೂ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಅವಳಿಗೆ ಇದ್ದದ್ದು ಒಂದೇ ಚಟ, ಎಲೆ ಅಡಿಕೆ. ಅದು ಹೆಡ್‌ಮಾಸ್ಟರು ವೆಂಕಟರಮಣಪ್ಪನವರ ಕಣ್ಣಿಗೆ ಬಿತ್ತು. ಕೋಲಾರದ ಕಡೆಯ ಮನುಷ್ಯ, ಕೂಗಾಡುವವರಲ್ಲ. ಮೆತ್ತಗೆ ಹೇಳಿ ಮೂಳೆಗೆ ತಾಗಿಸುವವರು.

"ನೋಡಮ್ಮ ಶೇಖವ್ವ, ಗುಟ್ಕಾ ತಿನ್ಬೇಡ್ರೋ ಅಂತ ನಾನು ಮಕ್ಕಳಿಗೆ ದಿನಾ ಪ್ರಾರ್ಥನೇಲಿ ಹೇಳ್ತೀನಿ. ನೀನು ಬಾಯಿ ಕೆಂಪು ಮಾಡ್ಕೊಂಡು ಅನ್ನ ಬಡಿಸ್ತೀಯ. ಇನ್ನೊಂದ್ಸಲ ಕಣ್ಣಿಗೆ ಬಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ," ಎಂದು ಅವಳ ಸುಣ್ಣದ ಡಬ್ಬಿಯನ್ನು ಇಸಿದುಕೊಂಡು ಮೇಜಿನ ಡ್ರಾಯರಿಗೆ ಹಾಕಿಬಿಟ್ಟರು.

ಚಟ ಅಂದರೆ ಅಷ್ಟಕ್ಕೆ ಬಿಡುವಂಥದೇ? ಎಲೆ ಅಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಸುಣ್ಣಕ್ಕೆ ಏನು ಮಾಡುವುದು? ಅಡುಗೆಮನೆಯ ಪಕ್ಕದಲ್ಲೇ ವಿಜ್ಞಾನದ ಕೋಣೆ, ಅದನ್ನು ಗುಡಿಸುವುದೂ ಅವಳದೇ ಕೆಲಸ. ಅಲ್ಲಿ ಒಂದು ಕಪಾಟು, ಕಪಾಟಿನಲ್ಲಿ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿ, ಬಾಟಲಿಯ ತಳದಲ್ಲಿ ಅರಳಿದ ಸುಣ್ಣದ ಪುಡಿ. ಕಪಾಟನ್ನು ಬೆಳಿಗ್ಗೆ ತೆಗೆದು ಸಂಜೆ ಬೀಗ ಹಾಕುವುದು ಒಂಬತ್ತನೆಯ ಕ್ಲಾಸಿನ ಭಾಗ್ಯಶ್ರೀಯ ಜವಾಬ್ದಾರಿ. ಮಧ್ಯಾಹ್ನ ಮಕ್ಕಳ ಊಟವಾದ ಮೇಲೆ ಶೇಖವ್ವ ಪೊರಕೆ ಹಿಡಿದು ಒಳಗೆ ಹೋಗುತ್ತಿದ್ದಳು. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ಮುಚ್ಚಳ. ಉಗುರಿನಷ್ಟು ಪುಡಿಯನ್ನು ಎರಡು ಹನಿ ನೀರಲ್ಲಿ ಕಲಸಿ ಎಲೆಗೆ ಸವರಿ, ಮುಚ್ಚಳವನ್ನು ಹಾಗೇ ಮೇಲಿಟ್ಟು ಬರುತ್ತಿದ್ದಳು. ತಿರುಗಿಸಿ ಬಿಗಿಮಾಡಲು ಎರಡು ಕೈ ಬೇಕಲ್ಲ, ಒಂದರಲ್ಲಿ ಎಲೆಯಿತ್ತು. ಜೂನ್ ತಿಂಗಳಿನಿಂದ ಇದೇ ನಡೆಯಿತು.

ಆಗಸ್ಟ್ ಹೊತ್ತಿಗೆ ಬಾಯಿ ಕೆಂಪಾಗುವುದು ನಿಂತಿತು. ಸುಣ್ಣದ ಭಟ್ಟಿಯ ಮುಂದೆ ಬೆಳೆದವಳು, ಸುಣ್ಣದ ಮೇಲೆ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. "ಈ ಬೆಂಗಳೂರಿನ ಎಲಿನ ಹಿಂಗ. ಸತ್ವ ಇಲ್ಲ, ಸಾರ ಇಲ್ಲ," ಎಂದು ಎಲೆಯವಳಿಗೆ ಬೈದಳು. ಜೊತೆಗೆ, ನಿಜ ಹೇಳಬೇಕೆಂದರೆ, ಬಾಯಿ ಬೆಳ್ಳಗಿದ್ದರೆ ಹೆಡ್‌ಮಾಸ್ಟರಿಗೆ ಗೊತ್ತಾಗುವುದಿಲ್ಲವೆಂಬ ಸಮಾಧಾನವೂ ಅವಳಿಗಿತ್ತು.

ಆ ವರ್ಷ ವಿಜ್ಞಾನಕ್ಕೆ ಬಂದ ಟೀಚರು ಸೌಮ್ಯಾ, ದಾವಣಗೆರೆ ಕಡೆಯವರು, ದಿನಾ ನಾಗಸಂದ್ರದ ಅಪಾರ್ಟ್‌ಮೆಂಟಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದರು. ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಎದ್ದು ನಿಂತಿದ್ದವು, ರೈಲು ಇನ್ನೂ ಬಂದಿರಲಿಲ್ಲ, ಟ್ರಾಫಿಕ್ಕು ಮಾತ್ರ ಕಂಬಗಳ ಕೆಳಗೆ ಹೆಪ್ಪುಗಟ್ಟಿರುತ್ತಿತ್ತು. ಆದರೂ ಸೌಮ್ಯಾ ಟೀಚರು ಒಂದು ದಿನ ತಡವಾಗಿ ಬಂದವರಲ್ಲ. ಪಾಠವೆಂದರೆ ಪುಸ್ತಕ ಓದಿಸುವುದು ಎಂದು ತಿಳಿದವರೂ ಅಲ್ಲ. ಇಂಗಾಲದ ಪಾಠ ಬಂದಾಗ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆತಂದು, ರಂಗೋಲಿ ಪುಡಿಯಲ್ಲಿ ದೊಡ್ಡ ದೊಡ್ಡ ಸುತ್ತು ಬರೆದರು. ಒಂದು ಗಾಳಿ, ಒಂದು ಗಿಡ, ಪ್ರಾಣಿ, ಮಣ್ಣು, ಕೆರೆ, ಕಾರ್ಖಾನೆಯ ಹೊಗೆ, ಕೊನೆಗೆ ಕಲ್ಲು. ಪ್ರತಿ ಮಗುವೂ ಒಂದೊಂದು ಇಂಗಾಲದ ಕಣ. ದಾಳ ಹಾಕಬೇಕು, ಬಿದ್ದ ಸಂಖ್ಯೆಯಂತೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಓಡಬೇಕು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ದನದ ಹೊಟ್ಟೆಗೆ, ಉಸಿರಾಗಿ ಮತ್ತೆ ಗಾಳಿಗೆ. ಕಲ್ಲಿಗೆ ಬಿದ್ದವರು ಮಾತ್ರ ಸತತ ಎರಡು ಆರು ಬೀಳುವ ತನಕ ಅಲ್ಲೇ ಕೂತಿರಬೇಕು.

ಭಾಗ್ಯಶ್ರೀ ಮೂರನೆಯ ದಾಳಕ್ಕೇ ಕಲ್ಲಿಗೆ ಬಿದ್ದಳು. ಯಾದಗಿರಿಯ ಕಡೆಯ ಹುಡುಗಿ, ಅಪ್ಪ ಕಾಂಕ್ರೀಟ್ ಕೆಲಸಕ್ಕೆ ಹೋಗುವವನು. ಕೂತು ಕೂತು ಅವಳಿಗೆ ಬೇಜಾರು ಹತ್ತಿತು. "ಟೀಚರ್, ಕಲ್ಲಿಗೆ ಬಿದ್ರೆ ಕತೆ ಮುಗೀತಾ?" ಎಂದಳು.

"ಬಿದ್ದದ್ದಕ್ಕೇ ನಾವೆಲ್ಲ ಬದುಕಿದ್ದೀವಿ ಕಣೇ," ಎಂದರು ಸೌಮ್ಯಾ. "ನಮ್ಮ ಭೂಮಿಯ ಇಂಗಾಲ ಬಹುಪಾಲು ಕಲ್ಲಲ್ಲಿದೆ. ಶುಕ್ರ ಗ್ರಹ ಇದೆಯಲ್ಲ, ನಮ್ಮಷ್ಟೇ ದಪ್ಪ. ಅಲ್ಲಿ ಅದೆಲ್ಲ ಗಾಳಿಯಲ್ಲೇ ತುಂಬ್ಕೊಂಡಿದೆ. ಬಂದ ಬಿಸಿಲಿನ ಬಿಸಿ ಹೊರಗೆ ಹೋಗೋಕೆ ಬಿಡಲ್ಲ. ಸೀಸ ಕರಗುವಷ್ಟು ಬಿಸಿ ಅಲ್ಲಿ."

ಸೀಸ ಕರಗುವುದೆಂದರೆ ಪೀಣ್ಯದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಒಂದು ಗಳಿಗೆ ಆಕಾಶ ನೋಡಿದರು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ದನಿ ಬಂತು.

"ಕಲ್ಲಿನಾಗಿಂದ ಹೊರಗ ಬರಾಕ ಆರು ಬೀಳಬೇಕಿಲ್ರಿ ಟೀಚರ್. ಭಟ್ಟಿಗೆ ಹಾಕಿದ್ರ ಮೂರ ದಿನ ಸಾಕು."

ಮಕ್ಕಳು ನಕ್ಕರು, ಸೌಮ್ಯಾ ಕೂಡ ನಕ್ಕು ದಾಳವನ್ನು ಮುಂದಿನವರಿಗೆ ಕೊಟ್ಟರು. ಹೊರಗೆ ಬರುವುದೇನೆಂದು ಶೇಖವ್ವನಿಗೂ ಗೊತ್ತಿರಲಿಲ್ಲ, ಕಲ್ಲು ಎಂದೊಡನೆ ಭಟ್ಟಿ ನೆನಪಾಗಿತ್ತು, ಅಷ್ಟೇ. ತಾನೇಕೆ ಬಾಯಿ ಹಾಕಿದೆನೋ ಎಂದು ಸೌಟು ತಿರುಗಿಸತೊಡಗಿದಳು.

ಆ ಆಟವನ್ನೇ ಒಂದು ಪ್ರಾತ್ಯಕ್ಷಿಕೆಯಾಗಿ ಮಾಡಿ ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ ಕಳಿಸುವುದೆಂದಾಯಿತು. ಸುತ್ತಲ ಶಾಲೆಗಳಲ್ಲಿ ಒಂದಕ್ಕೆ ಮಾತ್ರ ಅವಕಾಶ. ಯಾವುದೆಂದು ನೋಡಲು ವಿಷಯ ಪರಿವೀಕ್ಷಕರು ರಾಮಯ್ಯನವರು ಗುರುವಾರ ಬರುವವರಿದ್ದರು. ಮಾತಾಡುವವಳು ಭಾಗ್ಯಶ್ರೀ. ಅವಳ ಅಪ್ಪ ಗುರುವಾರ ಕೆಲಸ ಬಿಟ್ಟು ಬರುತ್ತೇನೆಂದಿದ್ದ. ಅವಳು ರಿಬ್ಬನ್ನಿಗೆ ಇಸ್ತ್ರಿ ಹಾಕಿಟ್ಟುಕೊಂಡಿದ್ದಳು, ಅದನ್ನು ಅಡುಗೆಮನೆಗೆ ಬಂದು ಶೇಖವ್ವನಿಗೆ ಹೇಳಿದ್ದಳು. ದಿನಕ್ಕೆ ಹತ್ತು ಸಲ ಬಂದು ಹೇಳುವ ಹುಡುಗಿ ಅದು, "ಶೇಖಕ್ಕ, ಇಲ್ಲಿ ಕೇಳು" ಎಂದೇ ಬರುತ್ತಿದ್ದಳು.

ಮಂಗಳವಾರ ಅಭ್ಯಾಸ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಬೇಕು, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿ ನೀರು ಹಾಲಿನಂತಾಗಬೇಕು. ಅದೇ ಇಡೀ ಪ್ರಾತ್ಯಕ್ಷಿಕೆಯ ಜೀವ. ಭಾಗ್ಯಶ್ರೀ ಊದಿದಳು. ಗುಳ್ಳೆ ಬಂತು, ಹಾಲು ಬರಲಿಲ್ಲ. ಯಮನೂರ ಎಂಬ ಇನ್ನೊಬ್ಬ ವಿದ್ಯಾರ್ಥಿ ಊದಿದ. ಕಡೆಗೆ ಟೀಚರೇ ಊದಿದರು. ನೀರು ನೀರಾಗಿಯೇ ಇತ್ತು.

ಸೌಮ್ಯಾ ಕಪಾಟಿಗೆ ಹೋಗಿ ಬಾಟಲಿ ಎತ್ತಿದರೆ ಮುಚ್ಚಳ ಕೈಗೆ ಬಂತು, ಬಾಟಲಿ ಅಲ್ಲೇ ಉಳಿಯಿತು. "ಕೀ ಯಾರ ಹತ್ರ ಇರೋದು?" ಎಂದರು. ಯಾರ ಹತ್ತಿರ ಎಂದು ಎಲ್ಲರಿಗೂ ಗೊತ್ತಿತ್ತು.

"ಮುಚ್ಚಳ ನಾನು ತೆಗೆದೇ ಇಲ್ಲ ಟೀಚರ್," ಎಂದಳು ಭಾಗ್ಯಶ್ರೀ.

"ಮತ್ತೆ ಅದೇ ಬಿಚ್ಕೊಳ್ತಾ? ಗಾಳಿ ಹೊಕ್ಕು ಸುಣ್ಣ ಎಲ್ಲಾ ಹಾಳಾಗಿದೆ. ಒಂದು ಮುಚ್ಚಳ ನೋಡ್ಕೊಳ್ಳೋಕಾಗದವಳು, ಅದರ ಮೇಲೆ ಸುಳ್ಳು ಬೇರೆ. ಗುರುವಾರ ಯಮನೂರ ಮಾತಾಡ್ಲಿ."

ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದ ಶೇಖವ್ವನಿಗೆ ಇದಿಷ್ಟೂ ಕೇಳಿಸಿತು. ಎದ್ದು ಹೋಗಿ ಹೇಳಿಬಿಡಬೇಕೆಂದು ಕಾಲು ಎತ್ತಿದಳು. ಹೇಳಿದರೆ ಎಲೆ ಅಡಿಕೆಯ ಮಾತೂ ಬರುತ್ತದೆ, ಹೆಡ್‌ಮಾಸ್ಟರ ಮಾತು ನೆನಪಾಯಿತು, ಈ ಒಲೆ ಹೋಗುತ್ತದೆ. ಎತ್ತಿದ ಕಾಲು ಇಳಿಯಿತು. ಅಷ್ಟರಲ್ಲಿ ಭಾಗ್ಯಶ್ರೀ ಓಡಿಬಂದು ಅಕ್ಕಿ ಮೂಟೆಯ ಹಿಂದೆ ಕೂತು ಅತ್ತಳು. ದಿನವೂ ಮಾತಾಡುವ ಹುಡುಗಿ ಅವತ್ತು ಒಂದು ಮಾತೂ ಆಡಲಿಲ್ಲ. ಶೇಖವ್ವ ಒಂದು ಲೋಟ ಮಜ್ಜಿಗೆ ಕೊಟ್ಟಳು, ತಲೆ ಸವರಿದಳು. ತನ್ನ ಕೈ ತನಗೇ ಅಸಹ್ಯವಾಯಿತು.

ಸಂಜೆ ಮನೆಗೆ ಹೋಗುವಾಗ ಸುಣ್ಣ ಬಣ್ಣದ ಅಂಗಡಿಯಲ್ಲಿ ಸುಟ್ಟ ಸುಣ್ಣದ ನಾಲ್ಕು ಕಲ್ಲು ತೆಗೆದುಕೊಂಡಳು. ಗಡಿಗೆಯ ನೀರಿಗೆ ಹಾಕಿದರೆ ಸರ‍್ರೆಂದು ಕುದ್ದು ಹೊಗೆಯಾಡಿ ಬೆಣ್ಣೆಯಂತೆ ಅರಳಿತು. ಜೀವ ಇರುವ ಸುಣ್ಣ ಅಂದರೆ ಅದು. ಕಾರ್ಖಾನೆಯಿಂದ ಬಂದ ನೀಲಪ್ಪ ಬಾಗಿಲಲ್ಲೇ ನಿಂತು, "ಏನ ಇದು, ಮನಿಗೆ ಸುಣ್ಣ ಹಚ್ಚತೀಯೇನು?" ಎಂದ. ಶೇಖವ್ವ ನಡೆದದ್ದೆಲ್ಲ ಹೇಳಿದಳು. ನಾಳೆ ಯಾರೂ ಬರುವ ಮೊದಲೇ ಹೋಗಿ ಬಾಟಲಿಯಲ್ಲಿ ಹೊಸ ಸುಣ್ಣ ಹಾಕಿಬಿಡುವುದು, ನೀರು ಹಾಲಾಗುತ್ತದೆ, ಎಲ್ಲ ಸರಿಹೋಗುತ್ತದೆ.

ನೀಲಪ್ಪ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. "ನೀರೇನೋ ಹಾಲಾಗತೈತಿ. ಆ ಹುಡುಗಿ ಸುಳ್ಳಿ ಅಂತ ಆತಲ್ಲ, ಅದು?"

"ನೀ ಸುಮ್ಮನ ಉಣ್ಣು."

"ಉಣ್ಣಾಕತ್ತೀನಿ," ಎಂದ ನೀಲಪ್ಪ. ಶೇಖವ್ವನ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಬುಧವಾರ ಬೆಳಿಗ್ಗೆ ಅವಳು ಸುಣ್ಣದ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಹೋದಳು. ಆದರೆ ಹಾಳಾದ್ದು, ಅವಳಿಗಿಂತ ಮೊದಲೇ ಸೌಮ್ಯಾ ಟೀಚರೂ ವೆಂಕಟರಮಣಪ್ಪನವರೂ ವಿಜ್ಞಾನದ ಕೋಣೆಯಲ್ಲಿ ಮಾತಾಡುತ್ತ ನಿಂತಿದ್ದರು. ಭಾಗ್ಯಶ್ರೀ ಬೀಗದ ಕೀಲಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಯಾರೂ ಕೇಳಿರಲಿಲ್ಲ, ತಾನಾಗೇ ಹಿಂದಿರುಗಿಸುತ್ತಿದ್ದಳು. ಅದನ್ನು ನೋಡಿದ ಮೇಲೆ ಶೇಖವ್ವನಿಗೆ ತಡೆಯಲಾಗಲಿಲ್ಲ.

"ಟೀಚರ್, ಆಕಿ ಕೀಲಿ ಆಕಿಗೇ ಕೊಡ್ರಿ. ಮುಚ್ಚಳಾ ತಗದಾಕಿ ನಾನು."

ಇಬ್ಬರೂ ತಿರುಗಿ ನೋಡಿದರು.

"ದಿನಾ ಎಲಿಗೆ ಅಂತ ಒಂದೀಟು ಸುಣ್ಣಾ ತಗೋತಿದ್ನಿ. ಜೂನ್‌ದಿಂದ. ಕೈಯಾಗ ಎಲಿ ಇರತಿತ್ತು, ಮುಚ್ಚಳಾ ತಿರುವತಿರಲಿಲ್ರಿ." ಅವಳು ಹೆಡ್‌ಮಾಸ್ಟರ ಕಡೆ ತಿರುಗಿದಳು. "ಸರ್, ನೀವು ಬ್ಯಾಡ ಅಂದಿದ್ರಿ. ನಾ ಕೇಳಲಿಲ್ಲ. ಇನ್ನ ನೀವು ಏನ್ ಮಾಡತೀರೋ ಮಾಡ್ರಿ. ಖರೇ ಆ ಹುಡುಗಿ ಸುಳ್ಳು ಹೇಳಿಲ್ಲ."

ಭಾಗ್ಯಶ್ರೀ ಬಾಯಿ ತೆರೆದು ನಿಂತಿದ್ದಳು. ಸೌಮ್ಯಾ ಅವಳ ಕಡೆ ನೋಡಿ, ಮುಖ ಕೆಂಪಾಗಿ, "ಸಾರಿ ಕಣಮ್ಮ," ಎಂದರು. ಟೀಚರು ಹಾಗೆ ಹೇಳುವುದನ್ನು ಆ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ವೆಂಕಟರಮಣಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬಾಯಿ ಕೆಂಪು ಕಾಣ್ತಿರಲಿಲ್ವಲ್ಲ ನಿಂದು," ಎಂದರು ಕೊನೆಗೆ.

"ಅದಕ್ಕ ನನಗೂ ತಿಳೀಲಿಲ್ರಿ. ಎಲಿ ಸರಿಯಿಲ್ಲ ಅಂದ್ಕೊಂಡ್ನಿ. ಸುಣ್ಣನ ಕಲ್ಲಾಗಿತ್ತು."

ಸೌಮ್ಯಾ ತಲೆಯೆತ್ತಿದರು. "ಕಲ್ಲಾಗಿತ್ತು ಅಂದ್ರೆ?"

ಹೇಳುವುದಕ್ಕಿಂತ ತೋರಿಸುವುದು ಸುಲಭ. ಶೇಖವ್ವ ಅಡುಗೆಮನೆಯಿಂದ ನಿಂಬೆಹಣ್ಣು ತಂದಳು. ಚೊಂಬಿನ ಹೊಸ ಸುಣ್ಣವನ್ನು ಒಂದು ತಟ್ಟೆಗೂ ಬಾಟಲಿಯ ಹಳೆಯ ಪುಡಿಯನ್ನು ಇನ್ನೊಂದಕ್ಕೂ ಹಾಕಿ ಎರಡರ ಮೇಲೂ ಹಿಂಡಿದಳು. ಹೊಸದು ಸುಮ್ಮನಿತ್ತು. ಹಳೆಯದು ಬುಸ್ಸೆಂದು ನೊರೆಗಟ್ಟಿತು.

"ನಮ್ಮಪ್ಪ ಭಟ್ಟಿಯಾಗ ಹಿಂಗ ನೋಡತಿದ್ದ. ಸುಮ್ಮಕಿದ್ರ ಸುಣ್ಣ, ಬುಸ್ ಅಂದ್ರ ಇನ್ನೂ ಕಲ್ಲು. ಬೇಯದ ಕಲ್ಲೂ ಬುಸ್ ಅಂತೈತಿ, ಗಾಳಿಗಿಟ್ಟ ಸುಣ್ಣಾನೂ ಬುಸ್ ಅಂತೈತಿ. ಅದು ತಿರುಗಿ ಕಲ್ಲಾಗತೈತ್ರಿ. ಗೋಡಿಗೆ ಹಚ್ಚಿದ ಸುಣ್ಣಾ ಗಟ್ಟಿ ಆಗೂದು ಹಂಗ."

ಸೌಮ್ಯಾ ಬಗ್ಗಿ ನೊರೆಯನ್ನು ನೋಡಿದರು. ಆಮೇಲೆ ಸರಸರನೆ ಕಪಾಟಿನಿಂದ ಬಿರಡೆ ಹಾಕಿದ ಸಣ್ಣ ಬಾಟಲಿ, ರಬ್ಬರ್ ಕೊಳವೆ ತೆಗೆದರು. ಚೊಂಬಿನ ಹೊಸ ಸುಣ್ಣವನ್ನು ನೀರಿಗೆ ಕದಡಿ, ಸೋಸಿ ತಿಳಿನೀರು ಮಾಡಿಟ್ಟುಕೊಂಡರು. ಹಳೆಯ ಪುಡಿಯನ್ನು ಸಣ್ಣ ಬಾಟಲಿಗೆ ಹಾಕಿ, ನಿಂಬೆ ಹಿಂಡಿ ಬಿರಡೆ ಒತ್ತಿ, ಕೊಳವೆಯ ಇನ್ನೊಂದು ತುದಿಯನ್ನು ಹೊಸ ಸುಣ್ಣದ ತಿಳಿನೀರಿಗೆ ಇಳಿಬಿಟ್ಟರು. ಗುಳ್ಳೆ ಗುಳ್ಳೆಯಾಗಿ ಬಂತು. ನೀರು ಮೆಲ್ಲಗೆ ಹಾಲಾಯಿತು.

"ಊದಿದ್ಯಾರು ಈಗ?" ಎಂದರು ವೆಂಕಟರಮಣಪ್ಪ. ಅವರು ಕನ್ನಡದ ಮೇಷ್ಟ್ರು.

"ಜೂನ್‌ನಿಂದ ಈ ರೂಮಲ್ಲಿ ಕೂತು ಪಾಠ ಕೇಳಿದೋರೆಲ್ಲ ಸರ್," ಎಂದರು ಸೌಮ್ಯಾ. "ಮಕ್ಕಳು, ನಾನು, ಶೇಖವ್ವ. ಪಕ್ಕದ ಒಲೆ ಕೂಡ. ನಾವು ಬಿಟ್ಟ ಉಸಿರನ್ನ ಸುಣ್ಣ ಹಿಡಿದಿಟ್ಕೊಂಡಿತ್ತು. ನಿಂಬೆಹಣ್ಣು ಬಿಡಿಸ್ತು. ಹಾಳಾದ ಸುಣ್ಣ ಅಂತ ನಿನ್ನೆ ಚೆಲ್ಲಿಬಿಡೋಳಿದ್ದೆ ನಾನು."

ಭಾಗ್ಯಶ್ರೀ ಹತ್ತಿರ ಬಂದು ಹಾಲಾದ ನೀರನ್ನೇ ನೋಡುತ್ತ ನಿಂತಳು. ಆಮೇಲೆ ಅವಳ ಮಾತಿನ ಕಟ್ಟೆ ಒಡೆಯಿತು. "ಶೇಖಕ್ಕ, ಇಲ್ಲಿ ಕೇಳು. ಈಗ ಗೊತ್ತಾಯ್ತು ನಂಗೆ. ಭಟ್ಟಿಲಿ ಕಲ್ಲು ಸುಟ್ರೆ ಅದರೊಳಗಿನ ಇಂಗಾಲ ಗಾಳಿ ಆಗಿ ಹೊರಟೋಗುತ್ತೆ. ನೂರು ಕೇಜಿ ಕಲ್ಲು ಹಾಕಿದ್ರೆ ನಲವತ್ನಾಲ್ಕು ಕೇಜಿ ಗಾಳಿ. ಸುಣ್ಣ ಉಳಿಯೋದು ಐವತ್ತಾರೇ. ಟೀಚರ್ ಲೆಕ್ಕ ಮಾಡಿಸಿದ್ರಲ್ಲ. ಆಮೇಲೆ ಅದೇ ಸುಣ್ಣ ಗೋಡೆ ಮೇಲೆ ಕೂತು ಅದೇ ಗಾಳೀನ ವಾಪಸ್ ತಗೊಳುತ್ತೆ."

ಶೇಖವ್ವನ ಕೈಯಲ್ಲಿದ್ದ ನಿಂಬೆ ಹೋಳು ಹಾಗೇ ನಿಂತಿತು. "ಇನ್ನೊಮ್ಮೆ ಹೇಳು," ಎಂದಳು.

ಹುಡುಗಿ ಇನ್ನೊಮ್ಮೆ ಹೇಳಿದಳು. ಕತ್ತು ಮುರಿಯುವ ಬುಟ್ಟಿ, ಹಗುರಾದ ಬುಟ್ಟಿ, ಎರಡು ದಿನ ಎಣಿಸಿದ ಕಲ್ಲು. ಮೂವತ್ತನಾಲ್ಕು ವರ್ಷವಾಗಿತ್ತು. ಬೆಂಕಿ ತಿಂದದ್ದು ಎಲ್ಲಿಗೆ ಹೋಯಿತೆಂದು ಕೇಳದೆ ಬಿಟ್ಟಿದ್ದಳಲ್ಲ, ಅದು ಇಷ್ಟು ದಿನ ಅವಳ ಮೂಗಿನ ಮುಂದೆಯೇ ಓಡಾಡಿಕೊಂಡಿತ್ತು. ಶೇಖವ್ವನ ಕಣ್ಣು ತುಂಬಿತು. ದುಃಖಕ್ಕಲ್ಲ, ಖುಷಿಗೇ. ನಿಂಬೆಯ ರಸ ಕಣ್ಣಿಗೆ ಹಾರಿತೆಂದು ಸೆರಗಿನಿಂದ ಒರೆಸಿಕೊಂಡಳು.

ಗುರುವಾರ ರಾಮಯ್ಯನವರು ಬಂದರು. ಭಾಗ್ಯಶ್ರೀ ಇಸ್ತ್ರಿ ಮಾಡಿದ ರಿಬ್ಬನ್ ಕಟ್ಟಿಕೊಂಡು, ಬಾಗಿಲ ಹತ್ತಿರ ನಿಂತಿದ್ದ ಅಪ್ಪನ ಕಡೆ ಒಮ್ಮೆ ನೋಡಿ, ಶುಕ್ರ ಗ್ರಹದಿಂದ ಶುರುಮಾಡಿ ಉಪ್ಪಿನಕಾಯಿ ಬಾಟಲಿಗೆ ಬಂದು ನಿಂತಳು. ಮುಚ್ಚಳ ತೆರೆದಿಟ್ಟದ್ದನ್ನೂ ಮುಚ್ಚಿಡಲಿಲ್ಲ, ಯಾರು ಎಂದು ಮಾತ್ರ ಹೇಳಲಿಲ್ಲ. ಅಪ್ಪ ಹಾಕುವ ಕಾಂಕ್ರೀಟಿನ ಸಿಮೆಂಟಿಗೂ ಇದೇ ಕಲ್ಲನ್ನು ಸುಡುತ್ತಾರೆಂದಾಗ ಬಾಗಿಲಲ್ಲಿದ್ದ ಆ ಮನುಷ್ಯ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ರಾಮಯ್ಯನವರು ಎಲ್ಲ ಕೇಳಿ, "ಕಲ್ಲು ನಿಜವಾಗಿ ಅಷ್ಟು ಹಗುರಾಗುತ್ತಾ? ನೋಡಿದವರು ಯಾರಾದ್ರೂ ಇದ್ದಾರಾ, ಪುಸ್ತಕದ ಮಾತಾ?" ಎಂದರು.

"ಇದ್ದಾರೆ ಸರ್," ಎಂದು ಭಾಗ್ಯಶ್ರೀ ಅಡುಗೆಮನೆಗೆ ಓಡಿದಳು.

ಶೇಖವ್ವ ಒದ್ದೆ ಕೈಯಲ್ಲೇ ಬಂದು, ಭಟ್ಟಿ ಒಟ್ಟುವುದರಿಂದ ಹಿಡಿದು ಬುಟ್ಟಿ ಇಳಿಸುವ ತನಕ ಹೇಳಿದಳು. ಜಿಲ್ಲೆಗೆ ಹೋಗುವ ಶಾಲೆ ಇದೇ ಎಂದು ರಾಮಯ್ಯನವರು ಹೊರಡುವ ಮೊದಲೇ ಬರೆದುಕೊಟ್ಟರು.

ಅವರು ಹೋದ ಮೇಲೆ ಹೆಡ್‌ಮಾಸ್ಟರು ಶೇಖವ್ವನನ್ನು ಕರೆಸಿದರು. ಇನ್ನು ಮುಗಿಯಿತೆಂದು ಅವಳು ಒಲೆಯನ್ನು ಒಮ್ಮೆ ತಿರುಗಿ ನೋಡಿ ಹೋದಳು. ವೆಂಕಟರಮಣಪ್ಪನವರು ಡ್ರಾಯರ್ ಎಳೆದು ಅವಳ ಹಳೆಯ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಮನೆಗೆ ತಗೊಂಡ್ಹೋಗು. ಶಾಲೆಯೊಳಗೆ ಎಲೆ ಅಡಿಕೆ ಇಲ್ಲ, ಆ ಮಾತು ಮಾತೇ. ನಾಳೆ ಒಂಬತ್ತನೇ ಕ್ಲಾಸಿಗೆ ಭಟ್ಟಿ ವಿಷಯ ಇನ್ನೊಂದ್ಸಲ ಹೇಳಬೇಕಂತೆ, ಟೀಚರು ಕೇಳ್ತಿದ್ರು. ಅಡುಗೆ ಬೇಗ ಮುಗಿಸ್ಕೋ."

"ಹೂಂ ರಿ," ಎಂದಳು ಶೇಖವ್ವ. ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಮನೆಯಲ್ಲಿ ಹೊಸ ಸುಣ್ಣದಲ್ಲಿ ಎಲೆ ಹಾಕಿಕೊಂಡಳು. ಬಾಯಿ ಕೆಂಪಗಾಯಿತು. ಬೆಂಗಳೂರಿನ ಎಲೆಯ ಮೇಲೆ ಹೊರಿಸಿದ ಅಪವಾದವನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡು, ನೀಲಪ್ಪನ ಮೊಬೈಲಿನಿಂದ ಊರಿಗೆ ಫೋನ್ ಹಚ್ಚಿದಳು. ತಮ್ಮನ ಮಕ್ಕಳ ಗದ್ದಲದ ನಡುವೆ ಮುದಕಪ್ಪನ ಕೈಗೆ ಫೋನು ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಅಪ್ಪಾ, ಸಣ್ಣಾಕಿ ಇದ್ದಾಗ ನಿನ್ನ ಕೇಳಿದ್ನೆಲ್ಲ, ಕಲ್ಲಿನ ಭಾರ ಎಲ್ಲಿ ಹೋತು ಅಂತ. ನೀ ಏನಂದಿ, ನೆನಪೈತೇನು?"

"ಐತಿ. ಬೆಂಕಿ ತಿಂತು ಅಂದ್ನಿ."

"ಬೆಂಕಿ ತಿಂದಿಲ್ಲಪ್ಪ. ಗಾಳಿ ಆಗಿ ಹೋಗೈತಿ. ಅದನ್ನ ಗಿಡಾ ತಿಂತಾವು, ಗಿಡಾನ ದನಾ ತಿಂತಾವು, ನಾವೂ ಉಸಿರು ಬಿಡತೀವಿ. ಗೋಡಿ ಸುಣ್ಣಾ ಅದನ್ನ ತಿರುಗಿ ಹಿಡಕೊಂತೈತಿ. ನಮ್ಮ ಸಾಲಿ ಹುಡುಗಿ ಹೇಳಿದ್ಲು."

ಆ ಕಡೆ ಮುದಕಪ್ಪ ಗದ್ದಲದ ಮಕ್ಕಳನ್ನು ಗದರಿ ಹೊರಗೆ ಕಳಿಸಿದ.

"ಶೇಖಾ," ಎಂದ ಮುದಕಪ್ಪ. "ಅವತ್ತ ನನಗೂ ಗೊತ್ತಿರಲಿಲ್ಲವ್ವ. ಮಗಳ ಮುಂದ ಗೊತ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಅದಕ್ಕ ಬೆಂಕಿ ಮ್ಯಾಲ ಹಾಕಿದ್ನಿ."

ಶೇಖವ್ವ ಗೋಡೆಗೆ ಒರಗಿ ಕೂತಳು. "ಇರಲಿ ಬಿಡಪ್ಪ," ಎಂದಳು. "ನನಗೂ ನಿನ್ನೆ ಮುಂಜಾನಿ ತನಾ ಬಾಯಿ ಬಂದಿರಲಿಲ್ಲ."

ಅವಳು ಏನು ಹೇಳುತ್ತಿದ್ದಾಳೆಂದು ಮುದುಕ ಕೇಳಲಿಲ್ಲ. "ಆ ಹುಡುಗಿಗೆ ಹೇಳು," ಎಂದ. "ಭಟ್ಟಿ ಮುದಕಪ್ಪಗ ಈಗ ಗೊತ್ತಾತು ಅಂತ ಹೇಳು."

"ನಾಳಿ ಹೇಳತೀನಿ," ಎಂದಳು ಶೇಖವ್ವ.